ಆಡದ ಭಾಷಣಕ್ಕೆ ಅಚ್ಚು ಹಾಕಿದವರು

ಹೋದ ತಿಂಗಳು ಹೊಲಿಗೆ ಯಂತ್ರದ ರಿಪೇರಿಗೆಂದು ಕೌಲ್ ಬಜಾರಿಗೆ ಹೋಗಿದ್ದೆ. ರಿಪೇರಿಯವನು ಯಂತ್ರದ ಹೊಟ್ಟೆ ಬಿಚ್ಚಿ, ಹಲ್ಲಿನ ಚಕ್ರಗಳನ್ನೆಲ್ಲ ಸೀಮೆಎಣ್ಣೆಯ ಬಟ್ಟಲಲ್ಲಿ ಅದ್ದಿ, ಕರಿ ಚಿಂದಿಯೊಂದರಿಂದ ಉಜ್ಜತೊಡಗಿದ. ಈ ಕಾಲದಲ್ಲಿ ಸೀಮೆಎಣ್ಣೆ ಎಲ್ಲಿಂದ ತಂದೆಯಪ್ಪಾ ಎಂದು ಕೇಳಲು ಬಾಯಿ ತೆರೆದೆ. ವಾಸನೆ ಮೂಗಿಗೆ ಬಡಿಯಿತು. ಸೀಮೆಎಣ್ಣೆ, ಕರಿ ಮಸಿ, ಬೆವರು ಕುಡಿದ ಹಳೇ ಅರಿವೆ… ಅದು ಪ್ರೆಸ್ಸಿನ ಕಾಕಾನ ಕೈಯ ವಾಸನೆ. ಎಪ್ಪತ್ತೈದು ದಾಟಿದ ನಿವೃತ್ತ ಹೆಡ್‌ಮಿಸ್ಟ್ರೆಸ್ಸು ನಾನು, ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡೆ. ರಿಪೇರಿಯವನು ಧೂಳು ಬಿತ್ತೇನೋ ಅಂದುಕೊಂಡು ನೀರು ಕೊಟ್ಟ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ತುರ್ತು ಪರಿಸ್ಥಿತಿ ಇನ್ನೂ ಬಂದಿರಲಿಲ್ಲ, ಆದರೆ ಅದರ ಗಾಳಿ ಆಗಲೇ ಬೀಸುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ನಾನೂ ನನ್ನ ಅವ್ವನೂ ಕುರುಗೋಡು ಬಿಟ್ಟು ಬಳ್ಳಾರಿಗೆ ಬಂದಿದ್ದೆವು. ನನಗೆ ಹೆಣ್ಣುಮಕ್ಕಳ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಕೌಲ್ ಬಜಾರಿನ ಒಂದು ಸಣ್ಣ ಪ್ರೆಸ್ಸಿನ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಬಾಡಿಗೆ ಸಂಸಾರ. ಕೆಳಗೆ ಮುಂದಿನ ಭಾಗದಲ್ಲಿ ಪ್ರೆಸ್ಸು, ಹಿಂದೆ ಅದರ ಮಾಲೀಕರ ಮನೆ. ಮಾಲೀಕರು ಅಂದರೆ ಅವರೇ ಕಂಪೋಜಿಟರು, ಅವರೇ ಯಂತ್ರ ತುಳಿಯುವವರು, ಅವರೇ ಕಸ ಗುಡಿಸುವವರು. ಬೀದಿಗೆಲ್ಲ ಅವರು ಪ್ರೆಸ್ಸಿನ ಕಾಕಾ, ಅವರ ಹೆಂಡತಿ ಕಾಕು.

ಕಾಕಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ದಪ್ಪಗೆ ವಿಭೂತಿ ಬಳಿದುಕೊಂಡು ಪ್ರೆಸ್ಸಿಗೆ ಬಂದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಹಣೆ ಬಿಳಿ, ಅರ್ಧ ಹಣೆ ಕಪ್ಪು. "ಏನ್ ಕಾಕಾ, ಹಣಿ ಮ್ಯಾಲೂ ಅಚ್ಚು ಹಾಕ್ಕೊಂಡೀರಲ್ಲ" ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಲಗ್ನಪತ್ರಿಕೆ, ಔಷಧಿ ಅಂಗಡಿಯ ಚೀಟಿ, ಉರುಸಿನ ಕರಪತ್ರ, ಜಂಗಮರ ಮಠದ ಆಹ್ವಾನ, ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಮಾಡುತ್ತಿದ್ದರು. ಒತ್ತಕ್ಷರ ಎಲ್ಲಿ ಬರಬೇಕು ಎಂಬ ಬಗ್ಗೆ ಮಾತ್ರ ಅವರಿಗೆ ಯಾವಾಗಲೂ ಅನುಮಾನ. ಹಾಗಾಗಿ ಸಂಜೆ ಶಾಲೆ ಮುಗಿಸಿ ಬಂದ ನನ್ನ ಕೈಗೆ ಪ್ರೂಫು ಬರುತ್ತಿತ್ತು. "ಟೀಚರಮ್ಮ, ಒಂದೀಟು ಕಣ್ಣಾಡಿಸ್ರಿ" ಎನ್ನುವರು. ನನಗಿಂತ ದುಪ್ಪಟ್ಟು ವಯಸ್ಸಿನವರು ನಾನು ಹಾಕಿದ ಪೆನ್ಸಿಲ್ ಗುರುತನ್ನು ಅಷ್ಟು ಗೌರವದಿಂದ ನೋಡುತ್ತಿದ್ದುದಕ್ಕೆ ನನಗೆ ಒಳಗೊಳಗೇ ಜಂಬ.

ಆ ಪ್ರೆಸ್ಸಿಗೆ ಹೆಸರು ಬಂದದ್ದು ವಕೀಲರಿಂದ. ನಮ್ಮ ಭಾಗದಿಂದ ಗೆದ್ದು ಸದನಕ್ಕೆ ಹೋದವರು ಅವರು. ಸದಸ್ಯರಾದರೂ ಊರು ಅವರನ್ನು ವಕೀಲರು ಎಂದೇ ಕರೆಯುತ್ತಿತ್ತು. ಮಾತಿನ ಮಲ್ಲ. ಸದನದಲ್ಲಿ ತಾವಾಡಿದ ಭಾಷಣವನ್ನು ಪ್ರತಿ ಅಧಿವೇಶನದ ನಂತರ ಪುಸ್ತಿಕೆ ಮಾಡಿಸಿ ಹಂಚುವುದು ಅವರ ಪದ್ಧತಿ. ಸಿರುಗುಪ್ಪದ ಕಡೆಯ ಹಳ್ಳಿಗಳಲ್ಲಿ ಓದು ಬಲ್ಲವನೊಬ್ಬ ಕಟ್ಟೆಯ ಮೇಲೆ ಕೂತು ಅದನ್ನು ಗಟ್ಟಿಯಾಗಿ ಓದಿದರೆ ಉಳಿದವರು ಬೀಡಿ ಆರಿಸಿ ಕೇಳುತ್ತಿದ್ದರು. ನಮ್ಮ ಊರಿನ ಹೆಸರು ಸದನದಲ್ಲಿ ಬಂತು ಎಂದರೆ ಅದೇ ಒಂದು ದೊಡ್ಡ ಸಮಾಧಾನ.

ಈಗ ಒಂದು ಕೆಲಸದ ಗುಟ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾಕಾನ ಹತ್ತಿರ ಇದ್ದ ಅಚ್ಚುಮೊಳೆಗಳು ನಾಲ್ಕು ಪುಟಕ್ಕೆ ಮಾತ್ರ ಸಾಲುತ್ತಿದ್ದವು. ನಾಲ್ಕು ಪುಟ ಜೋಡಿಸಿ, ಅಚ್ಚು ಹಾಕಿ, ಮೊಳೆಗಳನ್ನು ಬಿಚ್ಚಿ, ತೊಳೆದು, ಮತ್ತೆ ಅವುಗಳಲ್ಲೇ ಮುಂದಿನ ನಾಲ್ಕು ಪುಟ. ಹದಿನಾರು ಪುಟಕ್ಕೆ ವಾರದ ಮೇಲೆ ಹಿಡಿಯುತ್ತಿತ್ತು. ಅಷ್ಟು ದಿನ ಕಾಯುವ ತಾಳ್ಮೆ ವಕೀಲರಿಗೆಲ್ಲಿ? ಅವರು ಊರಿಗೆ ಬಂದು ಬಸ್ಸಿಳಿಯುವ ಹೊತ್ತಿಗೆ ಪುಸ್ತಿಕೆ ಜನರ ಕೈಯಲ್ಲಿರಬೇಕು. ಅದಕ್ಕೇ ಅಧಿವೇಶನಕ್ಕೆ ಹೊರಡುವ ಮುಂಚೆಯೇ ತಮ್ಮ ಕೈಬರಹದ ಭಾಷಣ ಕೊಟ್ಟು ಹೋಗುತ್ತಿದ್ದರು. ಅವರು ಅಲ್ಲಿ ಎದ್ದು ನಿಲ್ಲುವ ಮೊದಲೇ ಇಲ್ಲಿ "ಸದನದಲ್ಲಿ ಮಾಡಿದ ಭಾಷಣ" ಎಂದು ರಕ್ಷಾಪುಟ ಸಿದ್ಧವಾಗಿರುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಅದೇ. ವರ್ಷಗಟ್ಟಲೆ ಹೀಗೇ ನಡೆದಿತ್ತು, ಕೂಸು ಪ್ರತಿ ಸಲವೂ ಹುಟ್ಟಿತ್ತು. ಪ್ರೂಫು ತಿದ್ದುತ್ತಿದ್ದ ನನಗಾಗಲಿ, ಅಚ್ಚು ಹಾಕುತ್ತಿದ್ದ ಕಾಕಾನಿಗಾಗಲಿ ಇದರಲ್ಲಿ ಸುಳ್ಳೇನಾದರೂ ಇದೆ ಎಂದು ಒಂದು ದಿನವೂ ಅನ್ನಿಸಲಿಲ್ಲ.

ಆ ವರ್ಷ ಕಾಲುವೆಯ ನೀರು ಕೊನೆಯ ಊರುಗಳಿಗೆ ಮುಟ್ಟಲಿಲ್ಲ. ತೆಕ್ಕಲಕೋಟೆಯ ಕೆಲವರು ತೂಬಿನ ಹತ್ತಿರ ಕೂತು, ನೀರು ಬಿಡುವ ತನಕ ಏಳುವುದಿಲ್ಲ ಎಂದರು. ಅವರಲ್ಲಿ ಮೂವರನ್ನು ಪೊಲೀಸರು ಎತ್ತಿಕೊಂಡು ಹೋದರು. ಕೋರ್ಟಿಗೆ ಹಾಜರುಪಡಿಸಲಿಲ್ಲ, ಎಲ್ಲಿಟ್ಟಿದ್ದಾರೆ ಎಂದೂ ಹೇಳಲಿಲ್ಲ. ಅಷ್ಟರಲ್ಲೇ ಸರ್ಕಾರ ಹೊಸ ಮಸೂದೆ ತರುತ್ತದೆ ಎಂಬ ಸುದ್ದಿ ಬಂತು. ಭದ್ರತೆಯ ಹೆಸರಿನಲ್ಲಿ ಯಾರನ್ನು ಬೇಕಾದರೂ, ಕಾರಣ ಹೇಳದೆ, ವಿಚಾರಣೆಯಿಲ್ಲದೆ, ಮೊದಲಿಗಿಂತ ಬಹಳ ಹೆಚ್ಚು ಕಾಲ ಒಳಗಿಡುವ ಅಧಿಕಾರ. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ರಸೀದಿ ಕೇಳಿದಂತೆ.

ವಕೀಲರು ಒಂದು ಸಂಜೆ ಪ್ರೆಸ್ಸಿಗೆ ಬಂದರು. ನೀಲಿ ಶಾಯಿಯಲ್ಲಿ ಬರೆದ ಹಾಳೆಗಳು ಕೈಯಲ್ಲಿದ್ದವು. ಮೊದಲ ಸಲ ಅವರು ಭಾಷಣವನ್ನು ನಮಗೆ ಓದಿ ತೋರಿಸಿದ್ದು ಅವತ್ತು. ಆ ಮೂವರ ಹೆಸರು ಹೇಳಿ, ಅವರ ತಂದೆತಾಯಿಯ ಹೆಸರು ಹೇಳಿ, ನೀರು ಕೇಳಿದವನಿಂದ ದೇಶಕ್ಕೆ ಅಪಾಯವಾದರೆ ಆ ದೇಶ ಅಷ್ಟು ಸಣ್ಣದೇ ಎಂದು ಕೇಳಿದ್ದರು. ಕಾಕಾ ಓದು ಕೇಳುತ್ತ ಕೇಳುತ್ತ ಎದ್ದು ನಿಂತುಬಿಟ್ಟಿದ್ದರು. ಇವತ್ತಿಗೂ ಹೇಳುತ್ತೇನೆ, ಅದು ಒಳ್ಳೆಯ ಭಾಷಣ. ಆ ಮನುಷ್ಯನ ಮೇಲೆ ನನಗಿರುವ ಸಿಟ್ಟು ಆ ಹಾಳೆಗಳ ಮೇಲಿಲ್ಲ.

"ಈ ಸಲ ಮಾತಾಡಿದ ಮ್ಯಾಲೇ ಹಂಚೂಣ್ರಿ ವಕೀಲ್ರ, ದಿನಮಾನ ಸುಮಾರದಾವು" ಎಂದರು ಕಾಕಾ.

"ಏ, ಎಂದಾದ್ರೂ ತಪ್ಪೈತೇನು? ಬುಧವಾರ ನಾ ಮಾತಾಡ್ತೀನಿ, ಗುರುವಾರ ಮುಂಜಾನೆ ಜನದ ಕೈಯಾಗಿರಬೇಕು" ಎಂದು ವಕೀಲರು ನಕ್ಕು, ಕಾಕಾನ ಬೆನ್ನು ತಟ್ಟಿ ಹೋದರು.

ಗುರುವಾರ ಬೆಳಿಗ್ಗೆ ಕಾಕಾ ಕಟ್ಟುಗಳನ್ನು ಎಂದಿನಂತೆ ಸಿರುಗುಪ್ಪದ ಬಸ್ಸಿಗೂ ಕುರುಗೋಡಿನ ಬಸ್ಸಿಗೂ ಹಾಕಿಸಿ ಬಂದರು. ಕೈಬರಹದ ಹಾಳೆಗಳು ನನ್ನ ಹತ್ತಿರವೇ, ಮೇಲಿನ ಕೋಣೆಯ ಟ್ರಂಕಿನಲ್ಲಿದ್ದವು. ಪ್ರೂಫು ಮುಗಿದ ಮೇಲೆ ನಾನೇ ಜೋಪಾನ ಮಾಡಿಟ್ಟು, ವಕೀಲರು ಬಂದಾಗ ಕೊಡುವುದು ರೂಢಿ. ರಾಜಧಾನಿಯ ಪೇಪರು ನಮ್ಮೂರಿಗೆ ಬರುತ್ತಿದ್ದುದು ಮಧ್ಯಾಹ್ನದ ಮೇಲೆ. ನಾನು ಶಾಲೆಯಿಂದ ಬಂದಾಗ ಕಾಕಾ ಅದನ್ನು ಮೊಳೆಯ ಪೆಟ್ಟಿಗೆಯ ಮೇಲೆ ಹರಡಿಕೊಂಡು ನಿಂತಿದ್ದರು. ಮಸೂದೆ ಬಂದಿತ್ತು. ಆಕ್ಷೇಪಣೆಗೆಂದು ಎದ್ದವರಿಗೆ ಅವಕಾಶ ಸಿಕ್ಕಿರಲಿಲ್ಲ. ಚರ್ಚೆ ಸಾಕು ಎಂದು ಆಳುವ ಪಕ್ಷದವರೊಬ್ಬರು ಸೂಚಿಸಿದರು, ಕೈಗಳು ಮೇಲೆದ್ದವು, ಮಸೂದೆ ಪಾಸಾಯಿತು. ಒಂದು ಲೋಟ ಚಹಾ ಆರುವಷ್ಟು ಹೊತ್ತು. ಶುರುವಾಗದ ಚರ್ಚೆ ಸಾಕಾಗುವುದು ಹೇಗೆ ಎಂದು ನನ್ನ ನಾಲ್ಕನೇ ಕ್ಲಾಸಿನ ಹುಡುಗಿಯರೂ ಕೇಳುತ್ತಿದ್ದರು. ಕೂಗಾಡಿದ ಮೂರ್ನಾಲ್ಕು ಮಂದಿ ಸದಸ್ಯರನ್ನು ಹೊತ್ತು ಹೊರಗೆ ಹಾಕಿದರೆಂದು ಬರೆದಿತ್ತು. ಅವರ ಹೆಸರುಗಳೂ ಇದ್ದವು. ಕಾಕಾ ಆ ಹೆಸರುಗಳ ಮೇಲೆ ಬೆರಳಿಟ್ಟು ಎರಡೆರಡು ಸಲ ಹುಡುಕಿದರು. ನಮ್ಮ ವಕೀಲರು ಅದರಲ್ಲಿರಲಿಲ್ಲ.

"ಟೀಚರಮ್ಮ, ಆಡದ ಮಾತು ಅಚ್ಚಾಗೇತಲ್ರಿ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮರುದಿನ ಕಾಕಾ ಮೊದಲ ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋದರು, ಹಂಚಿದ್ದನ್ನು ವಾಪಸು ತರುತ್ತೇನೆಂದು. ಸಂಜೆ ಬರಿಗೈಯಲ್ಲಿ ಬಂದರು. ಮೆಟ್ಟಿಲ ಮೇಲೆ ಕೂತು ನನಗೂ ಅವ್ವನಿಗೂ ಹೇಳಿದರು… ತೆಕ್ಕಲಕೋಟೆಯಲ್ಲಿ ಕಟ್ಟೆಯ ಮೇಲೆ ಓದು ನಡೆದಿತ್ತಂತೆ. ಒಳಗಿದ್ದ ಮೂವರಲ್ಲಿ ಒಬ್ಬನ ತಾಯಿ, ಅರ್ಧ ತೆಲುಗು ಅರ್ಧ ಕನ್ನಡದ ಮುದುಕಿ, ತನ್ನ ಹೆಸರು ಬರುವ ಸಾಲನ್ನು ಮತ್ತೆ ಮತ್ತೆ ಓದಿಸುತ್ತಿದ್ದಳಂತೆ. ಇವರು ಪ್ರೆಸ್ಸಿನವರು ಎಂದು ಗೊತ್ತಾದ ಕೂಡಲೇ ಕೈ ಹಿಡಿದುಕೊಂಡು, ಸಭೆಯೊಳಗೆ ನನ್ನ ಮಗನ ಹೆಸರು ಹೇಳಿದ್ದಾರೆ, ಇನ್ನು ಬಿಡುತ್ತಾರೆ ಅಲ್ಲವೇನಪ್ಪಾ ಎಂದು ಕೇಳಿದಳಂತೆ.

"ನಾ ಹೂಂ ಅಂದು ಬಂದೆ" ಎಂದರು ಕಾಕಾ. "ಆಕಿ ಕೈಯಾಗಿಂದ ಹೆಂಗ ಕಸಗೊಳ್ಳಲಿ ಹೇಳ್ರಿ?"

ಪೊಲೀಸರು ಬಂದದ್ದು ಸೋಮವಾರ, ಹಾಡಹಗಲು. ಜೀಪು ನಿಂತಾಗ ಪಕ್ಕದ ಬಾಡಿಗೆ ಸೈಕಲ್ಲಿನ ಅಂಗಡಿಯವನು ಬಾಗಿಲು ಎಳೆದುಕೊಂಡ. ನನಗೆ ಅವತ್ತು ಶಾಲೆಗೆ ರಜೆ. ಮೇಲಿನ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡಿದೆ, ಎಲ್ಲವನ್ನೂ ಕೇಳಿದೆ. ಸದನದಲ್ಲಿ ಆಡದ ಭಾಷಣವನ್ನು ಆಡಿದ್ದೆಂದು ಅಚ್ಚು ಹಾಕಿ ಜನರನ್ನು ಎಬ್ಬಿಸಿದ್ದೀಯ, ಮೇಲೆ ವಕೀಲರ ಹೆಸರು ಹಾಕಿದ್ದೀಯ, ನಿಜವಾಗಿ ಬರೆದವರು ಯಾರು ಎಂದು ಅಧಿಕಾರಿ ಕೇಳಿದ. ಸದನದೊಳಗೆ ಆಡಿದ್ದರೆ ಆ ಮಾತಿಗೆ ರಕ್ಷಣೆ ಇರುತ್ತಿತ್ತು. ಬಾಯಿ ಕಟ್ಟಿ ಆಡಗೊಡದೆ ಇದ್ದವರೇ ಈಗ ಆಡಲಿಲ್ಲವಲ್ಲ ಎಂದು ಹಿಡಿಯಲು ಬಂದಿದ್ದರು. ಕಾಕಾ ಕೈ ಒರೆಸಿಕೊಂಡು ಹೇಳಿದರು: "ಅಚ್ಚು ಹಾಕಿದವ ನಾನ್ರಿ. ಕೆಳಗ ಪ್ರೆಸ್ಸಿನ ಹೆಸರು ಐತಲ್ಲ." ಬರೆದವರ ಹೆಸರು ಹೇಳಲಿಲ್ಲ. ವಕೀಲರು ನಾಳೆ ಊರಿಗೆ ಬರುತ್ತಾರೆ, ಬಂದು ತಾವೇ ಹೇಳುತ್ತಾರೆ ಎಂಬ ನಂಬಿಕೆ. ಜೀಪು ಹತ್ತುವ ಮುಂಚೆ ಒಂದು ಸಲ ತಲೆಯೆತ್ತಿ ನನ್ನ ಕಿಟಕಿಯತ್ತ ನೋಡಿದರು. ನಾನು ಹಿಂದೆ ಸರಿದೆ. ಯಾಕೆ ಸರಿದೆನೋ… ಗೊತ್ತಿಲ್ಲದೆ ಏನು, ಗೊತ್ತಿದೆ. ಹೆದರಿಕೆ.

ಊರಲ್ಲೇ ದೊಡ್ಡ ಜೈಲಿದ್ದರೂ ಅವರನ್ನು ಬೇರೆ ಊರಿಗೆ ಒಯ್ದರು. ವಕೀಲರು ಬಂದರು, ಹೇಳಿದರು. ಏನು ಹೇಳಿದರು? ನಾನು ಅಂಥ ಭಾಷಣ ಮಾಡಿಲ್ಲ, ನನ್ನ ಹೆಸರಿನಲ್ಲಿ ಯಾರು ಬರೆದು ಅಚ್ಚು ಹಾಕಿದರೋ ನನಗೆ ತಿಳಿಯದು ಎಂದು. ಮೊದಲರ್ಧ ನಿಜವೇ ಆಗಿತ್ತು, ಅದರ ಬೆನ್ನ ಮೇಲೆ ಉಳಿದರ್ಧವೂ ಹೊಳೆ ದಾಟಿತು. ಮೂವರು ನೀರು ಕೇಳಿ ಒಳಗಿದ್ದರು. ನಾಲ್ಕನೆಯವರಾದ ಕಾಕಾ ಹೊಸ ಕಾಯಿದೆಯ ಕೆಳಗೆ ನಮ್ಮ ಕಡೆಯಿಂದ ಒಳಹೋದ ಮೊದಲಿಗರು.

ಆಮೇಲೆ ಎರಡು ದಿನಕ್ಕೆ ವಕೀಲರು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಅವ್ವ ಚಾಪೆ ಹಾಸಿದಳು. ಅವರು ಗದರಿಸಲಿಲ್ಲ, ಬೆದರಿಸಲಿಲ್ಲ. ಗದರಿಸಿದ್ದರೆ ಬಹುಶಃ ನನಗೆ ರೋಷ ಬರುತ್ತಿತ್ತು. ಬಹಳ ಸಂಕಟದ ಮುಖ ಮಾಡಿಕೊಂಡಿದ್ದರು.

"ಟೀಚರ್, ಆ ಹಾಳಿ ಕೊಟ್ಟುಬಿಡ್ರಿ. ನಾ ಹೊರಗಿದ್ರ ಆತನ್ನ ಬಿಡಸಾಕ ಓಡಾಡಬಹುದು. ನಾನೂ ಒಳಗ ಹೋದ್ರ ಬಿಡಸೋರು ಯಾರದಾರ ಹೇಳ್ರಿ? ನಿಮ್ಮ ಕೆಲಸಾನೂ ಇನ್ನಾ ಕಾಯಂ ಆಗಿಲ್ಲ ಅಂತ ಕೇಳೀನಿ."

ಎಷ್ಟು ಸರಿ ಅನ್ನಿಸಿತು ಆ ಮಾತು! ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಒಂದು ಪ್ರಶ್ನೆ ಕೇಳಬಹುದಿತ್ತು. ಕಾಕಾನನ್ನು ಬಿಡಿಸಲು ಬೇಕಾದದ್ದೇ ಈ ಹಾಳೆ ಅಲ್ಲವೇ ಎಂದು. ಮಕ್ಕಳಿಗೆ ದಿನವೂ ಪ್ರಶ್ನೆ ಕೇಳಿ, ಉತ್ತರ ಬರದಿದ್ದರೆ ಬೆಂಚಿನ ಮೇಲೆ ನಿಲ್ಲಿಸುವವಳು ನಾನು. ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. ಟ್ರಂಕು ತೆಗೆದು ಹಾಳೆಗಳನ್ನು ನನ್ನ ಕೈಯಾರೆ ಕೊಟ್ಟೆ. ಅವರು ಎಣಿಸಿ ನೋಡಿ, ಕರಿ ಕೋಟಿನ ಒಳಜೇಬಿಗೆ ಹಾಕಿಕೊಂಡು, ಅವ್ವನಿಗೆ ಕೈಮುಗಿದು ಹೋದರು. ಸದನದಲ್ಲಿ ಚರ್ಚೆ ಮುಗಿಯಲು ಹಿಡಿದದ್ದಕ್ಕಿಂತ ಕಡಿಮೆ ಹೊತ್ತಾಗಿರಬೇಕು ನಮ್ಮ ಮನೆಯಲ್ಲಿ.

ಮರುದಿನವೇ ಕಾಕು ಬಂದಳು, ಸೊಂಟದ ಮೇಲೆ ಐದು ವರ್ಷದ ಮಗಳು. ಬಂಧನದಲ್ಲಿದ್ದವರ ಕಾಗದಪತ್ರ ನೋಡುವ ಒಂದು ಮಂಡಳಿ ಇದೆ, ಅದರ ಮುಂದೆ ವಕೀಲರ ಕೈಬರಹ ಇಟ್ಟರೆ ಬರೆದದ್ದು ಕಾಕಾ ಅಲ್ಲ ಎಂದು ಸಾಬೀತಾಗುತ್ತದೆ ಎಂದು ಯಾರೋ ಪುಣ್ಯಾತ್ಮರು ಅವಳಿಗೆ ಹೇಳಿದ್ದರು.

"ಆ ಹಾಳಿ ನಿನ್ನ ಹತ್ರ ಅದಾವೇನವ್ವಾ?" ಎಂದಳು.

"ಇಲ್ಲ ಕಾಕು" ಎಂದೆ.

ಸುಳ್ಳು ಹೇಳಲಿಲ್ಲ ನೋಡಿ. ನಿಜವಾಗಿಯೂ ಇರಲಿಲ್ಲ. ವಕೀಲರ ಪ್ರೂಫು ತಿದ್ದಿ ತಿದ್ದಿ ಅವರ ವಿದ್ಯೆ ನನಗೂ ಹತ್ತಿತ್ತು. ಅವಳು ಮಗಳನ್ನು ಇಳಿಸಿ ಕೈ ಹಿಡಿದು ಮೆಟ್ಟಿಲಿಳಿದು ಹೋದಳು. ಆ ವರ್ಷದ ಕೊನೆಗೆ ನನ್ನ ಕೆಲಸ ಕಾಯಂ ಆಯಿತು.

ಕಾಕಾ ಬಂದದ್ದು ಒಂದು ವರ್ಷ ದಾಟಿದ ಮೇಲೆ. ಅಷ್ಟರಲ್ಲಿ ಪ್ರೆಸ್ಸಿಗೆ ಬೀಗ ಬಿದ್ದು, ಯಂತ್ರ ಯಾರದೋ ಪಾಲಾಗಿ, ಮೊಳೆಗಳು ತೂಕಕ್ಕೆ ಹೋಗಿದ್ದವು. ತೆಕ್ಕಲಕೋಟೆಯ ಇಬ್ಬರು ಅವರಿಗಿಂತ ಮುಂಚೆ ಬಿಡುಗಡೆಯಾದರು. ಆ ಮುದುಕಿಯ ಮಗ ಮಾತ್ರ ಒಳಗೇ ಜ್ವರ ಬಂದು ತೀರಿಕೊಂಡನೆಂದು ಕೇಳಿದೆವು. ಕಾಕಾ ಅದನ್ನು ಕೇಳಿದ ದಿನದಿಂದ ಬಸ್ಸಿನಲ್ಲಿ ಸಿರುಗುಪ್ಪದ ಹಾದಿ ಹಿಡಿಯಲಿಲ್ಲ. ಒಂದು ಕಾಗದದ ಅಂಗಡಿಯಲ್ಲಿ ಕಟ್ಟು ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ಹಣೆಯ ವಿಭೂತಿ ಈಗ ಸಂಜೆಯ ತನಕವೂ ಬೆಳ್ಳಗೇ ಇರುತ್ತಿತ್ತು, ಓಣಿಯಲ್ಲಿ ಯಾರೂ ಚೇಷ್ಟೆ ಮಾಡುತ್ತಿರಲಿಲ್ಲ.

ನನ್ನನ್ನು ಅವರು ಏನೂ ಕೇಳಲಿಲ್ಲ. ಒಂದು ದಿನ ನೀರಿನ ನಲ್ಲಿಯ ಹತ್ತಿರ ತಾವಾಗಿಯೇ ಹೇಳಿದರು: "ಟೀಚರಮ್ಮ, ಆ ಹಾಳಿ ಸುಟ್ಟು ಹಾಕಿದ್ರಂತ ಕಾಣಸ್ತೈತಿ, ಚಲೋ ಮಾಡಿದ್ರಿ. ಹುಡುಕ್ಯಾಡಿ ಸಿಕ್ಕಿದ್ರ ನಿಮ್ಮನ್ನೂ ಒಯ್ತಿದ್ರು. ಒಳಗ ನನಗ ಅದೇ ಚಿಂತಿ ಇತ್ತು."

ನಾನು ಕೊಡ ಎತ್ತಿಕೊಂಡು ಬಂದುಬಿಟ್ಟೆ. ಅದು ಹೇಳಬೇಕಾದ ದಿನವಾಗಿತ್ತು. ನಾಳೆ ಹೇಳುತ್ತೇನೆ ಅಂದುಕೊಂಡೆ, ಮುಂದಿನ ವಾರ ಅಂದುಕೊಂಡೆ… ಆಮೇಲೆ ನನಗೆ ಕುರುಗೋಡಿಗೆ ವರ್ಗವಾಯಿತು. ಕೆಲವು ವರ್ಷಗಳಲ್ಲಿ ಕಾಕಾ ಹೋದರು. ವಕೀಲರು ಮತ್ತೆ ಗೆದ್ದರು, ಮತ್ತೆ ಮತ್ತೆ ಗೆದ್ದರು, ಅವರ ಹೆಸರಿನ ರಸ್ತೆಯಲ್ಲೇ ಈಗ ನಾನು ಪಿಂಚಣಿ ತರಲು ನಡೆದು ಹೋಗುತ್ತೇನೆ.

ಹೋದ ತಿಂಗಳು ಹೊಲಿಗೆ ಯಂತ್ರ ರಿಪೇರಿಯಾಗುವ ತನಕ ಹಳೇ ಪ್ರೆಸ್ಸಿದ್ದ ಜಾಗದವರೆಗೆ ಹೋಗಿ ನಿಂತೆ. ಈಗಲ್ಲಿ ಮೊಬೈಲಿನ ಅಂಗಡಿ. ಕೈಚೀಲ ಹಿಡಿದ ಹೆಂಗಸೊಬ್ಬಳು ನನ್ನನ್ನು ನೋಡಿ ನೋಡಿ ಹತ್ತಿರ ಬಂದಳು. "ನೀವು ಮ್ಯಾಲಿನ ಮನಿ ಟೀಚರಮ್ಮ ಅಲ್ಲೇನ್ರಿ?" ಕಾಕಾನ ಮಗಳು. ರೂಪನಗುಡಿಗೆ ಕೊಟ್ಟಿದ್ದಾರೆ, ಕನ್ನಡಕ ಮಾಡಿಸಲು ಬಂದಿದ್ದಾಳೆ. ಅವಳ ತಲೆಯೂ ಬೆಳ್ಳಗಾಗಿದೆ. ಎದುರಿನ ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ಅವಳ ಅವ್ವ ಹೋಗಿ ಮೂರು ವರ್ಷವಾಯಿತೆಂದಳು, ಮಕ್ಕಳ ಮಾತಾಡಿದಳು. ಆಮೇಲೆ ಚಹಾದ ಲೋಟ ದೂರ ಸರಿಸಿದಳು.

"ನಮ್ಮಪ್ಪ ಸುಳ್ಳು ಬರದು ದೊಡ್ಡೋರ ಹೆಸರು ಹಾಕಿದ್ದ ಅಂತ ನನ್ನ ಗಂಡನ ಮನ್ಯಾಗ ಇವತ್ತಿಗೂ ಆಡ್ಕೊಂತಾರ. ಅಲ್ಲ ಅಂತ ಅವ್ವ ಎಷ್ಟು ಹೇಳಿದ್ರೂ ಯಾರೂ ನಂಬಲಿಲ್ಲ. ನೀವು ಜೋಡಿ ಇದ್ದೋರು. ಖರೇ ಹೇಳ್ರಿ, ಅದನ್ನ ಅಪ್ಪ ಬರದಿದ್ದನೇನು?"

ಹೇಳಿದೆ. ಬರೆದವರು ಯಾರು, ಹಾಳೆಗಳು ಯಾರ ಟ್ರಂಕಿನಲ್ಲಿದ್ದವು, ಯಾರು ಬಂದು ಕೇಳಿದರು, ಯಾರು ಕೊಟ್ಟರು, ಕಾಕುಗೆ ಏನು ಹೇಳಿದೆ. ಐವತ್ತು ವರ್ಷ ಆಡದ ಮಾತು ಆಡಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳು ಕೈಚೀಲ ಎತ್ತಿಕೊಂಡು ಎದ್ದು ನಿಂತಳು.

"ಅವ್ವ ಸಾಯೂತನಕ ವರ್ಷಾ ಉಗಾದಿಗೆ ನಿಮಗ ಹೋಳಿಗಿ ಕಟ್ಟಿ ಕಳಸ್ತಿದ್ಲು. ಅಪ್ಪನ ಕೆಲಸದ ಜೋಡಿ ನಿಂತ ಹೆಣಮಗಳು ಅಂತ. ತಿಂದ್ರೇನು?"

ಉತ್ತರಕ್ಕೆ ಕಾಯದೆ ಅವಳು ರೂಪನಗುಡಿಯ ಬಸ್ಸಿಗೆ ನಡೆದಳು. ನಾನು ಕೂತೇ ಇದ್ದೆ. ತಿಂದಿದ್ದೆ. ಪ್ರತಿ ವರ್ಷ, ತುಪ್ಪ ಹಾಕಿಕೊಂಡು ತಿಂದಿದ್ದೆ.